ವನವೀರನೂ ಗಗನವೀರನೂ: ಅಭಿಮಾನಚಿತ್ರಗಳನ್ನು ಕುರಿತು ಒಂದು ವಿಮರ್ಶೆ

ತಾವು ಮೆಚ್ಚಿದ ಕಥಾನಾಯಕರನ್ನು ತಮ್ಮ ಕೈಯಿಂದಲೇ ಚಿತ್ರಿಸಿ ಆನಂದಪಡುವ ಒಂದು ರೂಢಿಯು ಈಗ ನಮ್ಮ ಬಾಲಕರಲ್ಲಿ, ಬಾಲಕರಲ್ಲಿಯೇ ಏಕೆ, ಮೀಸೆ ಮೂಡಿದ ತರುಣರಲ್ಲಿಯೂ ಎಲ್ಲೆಡೆ ಕಾಣಬರುತ್ತಿದೆ. ಇಂಗ್ಲಿಷಿನವರು ಇದಕ್ಕೆ ಫ್ಯಾನ್ ಆರ್ಟ್ ಎನ್ನುವರು. ನಾವು ಅಭಿಮಾನಚಿತ್ರವೆಂದು ಕರೆಯಬಹುದು. ಇವುಗಳಲ್ಲಿ ಒಂದು ಜಾತಿಗೆ ಪ್ರಚಾರವು ಹೆಚ್ಚು. ಟಾರ್ಜನ್, ಫ್ಯಾಂಟಮ್ ಮೊದಲಾದ ಹಳೆಯ ಕಾಡಿನ ವೀರರನ್ನು ಒಂದು ಕಡೆಗೂ, ಸೂಪರ್‌ಮ್ಯಾನ್ ಮುಂತಾದ ಅತಿಮಾನುಷ ವೀರರನ್ನು ಇನ್ನೊಂದು ಕಡೆಗೂ ನಿಲ್ಲಿಸಿ, ಇವರಿಬ್ಬರೂ ಕಾದಿದರೆ ಗೆಲ್ಲುವವರಾರು ಎಂದು ಕೇಳುವ ಚಿತ್ರಗಳಿವು. ಸೇಡಂ, ಚಿತ್ತಾಪುರ, ಶಹಾಬಾದಗಳ ವಿದ್ಯಾವಂತ ಮನೆಗಳಲ್ಲಿ ಹಿರಿಯರು ಇವನ್ನು ನೋಡಿದೊಡನೆ ‘ಕಾಗದವನ್ನು ಕೆಡಿಸಬೇಡ’ ಎಂದು ಗದರಿಸುವುದುಂಟು. ಆದರೆ ನಮ್ಮ ಅಭಿಪ್ರಾಯದಲ್ಲಿ ಇವು ಗದರಿಸಿ ಬಿಡತಕ್ಕವುಗಳಲ್ಲ, ವಿಮರ್ಶಿಸಿ ನೋಡತಕ್ಕವುಗಳು. ಒಳ್ಳೆಯ ಚಿತ್ರವಾವುದು, ಕೆಟ್ಟದಾವುದು ಎಂಬ ವಿವೇಕವನ್ನು ಕಾವ್ಯಕ್ಕೆ ಮಾತ್ರ ಮೀಸಲಿಟ್ಟು ಮಕ್ಕಳ ಚಿತ್ರಗಳಿಗೆ ನಿರಾಕರಿಸುವುದು ನ್ಯಾಯವಲ್ಲ.

ಅಭಿಮಾನದಿಂದ ಚಿತ್ರ ಬರೆಯುವುದು ನಮ್ಮ ಸೀಮೆಗೆ ಹೊಸತೂ ಅಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ ಭೀಮಾ ತೀರದಲ್ಲಿರುವ ಕನಗನಹಳ್ಳಿಯ ಬೌದ್ಧಸ್ತೂಪದ ಅವಶೇಷಗಳಲ್ಲಿ ಒಂದು ಚಪ್ಪಡಿಯಿದೆ. ಅದರಲ್ಲಿ ಪರಿವಾರಸಹಿತನಾದ ಒಬ್ಬ ಅರಸನ ಉಬ್ಬುಚಿತ್ರವಿದ್ದು, ಆತನು ಅಶೋಕರಾಯನೆಂದು ಬ್ರಾಹ್ಮೀ ಲಿಪಿಯಲ್ಲಿ ಹೆಸರನ್ನು ಕೊರೆದಿದೆ. ಅಶೋಕನು ಗತಿಸಿ ಅದೆಷ್ಟೋ ತಲೆಮಾರುಗಳಾದ ಮೇಲೆ, ಅವನನ್ನು ಕಣ್ಣಾರೆ ಕಾಣದ ಶಿಲ್ಪಿಯು, ಕೇಳಿದ ಕೀರ್ತಿಯೊಂದನ್ನೇ ನಂಬಿ ಕಡೆದ ರೂಪವದು. ಕಾಣದ ನಾಯಕನನ್ನು ಭಕ್ತಿಯಿಂದ ಕಲ್ಪಿಸಿ, ನೋಡುವವರು ತಪ್ಪು ತಿಳಿಯದಿರಲೆಂದು ಹೆಸರನ್ನೂ ಬರೆದಿಟ್ಟ ಆ ಶಿಲ್ಪಿಗೂ, ಸೂಪರ್‌ಮ್ಯಾನನ ಎದೆಯ ಮೇಲಿನ ಅಕ್ಷರವನ್ನು ಮೂರು ಸಲ ಅಳಿಸಿ ತಿದ್ದುವ ಹುಡುಗನಿಗೂ ನಡುವಣ ಅಂತರವು ಕೌಶಲದ ಅಂತರವೇ ಹೊರತು ಭಾವದ ಅಂತರವಲ್ಲ.

ಈ ಇಬ್ಬರು ಪ್ರತಿಸ್ಪರ್ಧಿಗಳ ಕುಲಗೋತ್ರಗಳನ್ನು ಮೊದಲು ತಿಳಿಯೋಣ. ಟಾರ್ಜನನು ಎಡ್ಗರ್ ರೈಸ್ ಬರೋಸ್ ಎಂಬ ಅಮೇರಿಕೆಯ ಲೇಖಕನ ಸೃಷ್ಟಿ. 1912ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಹುಟ್ಟಿ, 1929ರಲ್ಲಿ ಹ್ಯಾಲ್ ಫಾಸ್ಟರನ ಕೈಯಿಂದ ಚಿತ್ರಕಥೆಯ ರೂಪವನ್ನು ತಳೆದನು. ಆಫ್ರಿಕದ ಕಾಡಿನಲ್ಲಿ ವಾನರಿಯೊಬ್ಬಳಿಂದ ಸಾಕಲ್ಪಟ್ಟ ಈ ಆಂಗ್ಲ ಪ್ರಭುಕುಮಾರನು, ಸತ್ತ ತಂದೆತಾಯಿಗಳ ಗುಡಿಸಲಿನಲ್ಲಿ ದೊರೆತ ಮಕ್ಕಳ ಚಿತ್ರಪುಸ್ತಕಗಳನ್ನು ನೋಡಿ ನೋಡಿ, ಗುರುವಿಲ್ಲದೆ ಓದಲು ಕಲಿತನು. ಚಿತ್ರಪುಸ್ತಕವನ್ನು ಹಳಿಯುವ ಹಿರಿಯರಿಗೆ ಈ ಒಂದು ಸಂಗತಿಯನ್ನು ನೆನಪಿಸಬಹುದು. ಫ್ಯಾಂಟಮನು ಲೀ ಫಾಕನ ಕಲ್ಪನೆ. ಅವನು ದಿನಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡುದು 1936ರ ಫೆಬ್ರವರಿ 17ರಂದು. ಸೀಗಲ್ ಮತ್ತು ಶುಸ್ಟರ್ ಎಂಬ ಇಬ್ಬರು ತರುಣರ ಸೂಪರ್‌ಮ್ಯಾನನು 1938ರಲ್ಲಿ ಬಂದನು. ಮೈಗಂಟಿದ ಉಡುಪನ್ನು ತೊಟ್ಟು, ಮುಖವಾಡದೊಳಗಿಂದ ಪಾಪೆಯಿಲ್ಲದ ಕಣ್ಣುಗಳಿಂದ ನೋಡುವ ಫ್ಯಾಂಟಮನು ಹೀಗೆ ಸೂಪರ್‌ಮ್ಯಾನನಿಗಿಂತ ಎರಡು ವರ್ಷ ಹಿರಿಯನು. ಕಾಡಿನ ವೀರನು ಹಳಬ, ಗಗನದ ವೀರನು ಬೇರೊಂದು ಯುಗದವನು ಎಂಬ ಭಾವನೆಯಿಂದ ಹೊರಡುವ ಚಿತ್ರಗಳು ಇದನ್ನು ಮರೆಯುತ್ತವೆ. ಇವರು ಒಂದೇ ಮನೆಯ ಅಣ್ಣತಮ್ಮಂದಿರು.

ನಮ್ಮ ದೇಶಕ್ಕೆ ಫ್ಯಾಂಟಮನನ್ನು ಮನೆಮಾತಾಗಿಸಿದುದು 1964ರಲ್ಲಿ ಮುಂಬಯಿಯಿಂದ ಹೊರಡಲು ಮೊದಲಾದ ಇಂದ್ರಜಾಲ ಕಾಮಿಕ್ಸ್ ಎಂಬ ಮಾಲೆ. ಇಂಗ್ಲಿಷಿನೊಡನೆ ಕನ್ನಡವೂ ಸೇರಿದಂತೆ ಹಲವು ದೇಶಭಾಷೆಗಳಲ್ಲಿ ಬಂದ ಈ ಮಾಲೆಯು 1990ರಲ್ಲಿ ನಿಂತುಹೋಯಿತು. ಅದರ ಎಷ್ಟೋ ಮುಖಚಿತ್ರಗಳನ್ನು ಬರೆದವರು ಬಿ. ಗೋವಿಂದ್ ಎಂಬ ಭಾರತೀಯ ಚಿತ್ರಕಾರರು. ಇಂದಿನ ಅಭಿಮಾನಚಿತ್ರಗಳಲ್ಲಿ ಕಾಣುವ ಫ್ಯಾಂಟಮನ ನಿಲುವು, ಬಣ್ಣ, ಕುದುರೆಯ ನೆಗೆತ ಇವೆಲ್ಲ ಮೂಲಪತ್ರಿಕೆಗಿಂತ ಈ ಮುಖಚಿತ್ರಗಳಿಂದಲೇ ಇಳಿದು ಬಂದಂತೆ ನಮಗೆ ತೋರುತ್ತದೆ.

ಇನ್ನು ಚಿತ್ರಗಳ ಮಾತು. ಇವುಗಳ ಸಾಮಾನ್ಯವಾದ ರಚನೆಯನ್ನು ವಾಚಕರು ಬಲ್ಲರು. ಕಾಗದದ ಎಡಕ್ಕೆ ಬಳ್ಳಿಯನ್ನು ಹಿಡಿದು ತೂಗುವ ಟಾರ್ಜನನು. ಬಲಕ್ಕೆ ಮುಷ್ಟಿಯನ್ನು ಮುಂದೆ ಚಾಚಿ ಹಾರಿಬರುವ ಸೂಪರ್‌ಮ್ಯಾನನು. ನಡುವೆ ಬೆಂಕಿಯೋ ಮಿಂಚೋ. ಇಬ್ಬರ ಮಾಂಸಖಂಡಗಳನ್ನೂ ಎಣಿಸಿದಂತೆ ಬಿಡಿಸಿರುವುದುಂಟು. ಆದರೂ ಚಿತ್ರವು ನಿರ್ಜೀವವಾಗಿರುತ್ತದೆ. ಕಾರಣವೇನೆಂದರೆ, ಬರೆದವನು ಯುದ್ಧವನ್ನು ಕಲ್ಪಿಸದೆ ಬಲಾಬಲಗಳ ಲೆಕ್ಕವನ್ನು ಮಾತ್ರ ಮಾಡಿರುತ್ತಾನೆ. ಲೆಕ್ಕವನ್ನೇ ಮಾಡುವುದಾದರೆ ಅದಕ್ಕೆ ಚಿತ್ರವೇಕೆ? 1938ರ ಸೂಪರ್‌ಮ್ಯಾನನು ಹಾರಬಲ್ಲವನೇ ಆಗಿರಲಿಲ್ಲ. ಮೈಲಿಯ ಎಂಟನೆಯ ಒಂದು ಪಾಲು ನೆಗೆಯಬಲ್ಲವನಾಗಿದ್ದನು. ಸಿಡಿಯುವ ತೋಪಿನ ಗುಂಡು ಅವನ ಚರ್ಮವನ್ನು ಭೇದಿಸಬಹುದಾಗಿತ್ತು. ಅಂದಿನ ಅವನೊಡನೆ ಟಾರ್ಜನನ ಹೋರಾಟವನ್ನು ಒಂದು ವಿಧವಾಗಿ ಊಹಿಸಬಹುದು. ತರುವಾಯ ಬಂದ ಲೇಖಕರು ಅವನ ಬಲವನ್ನು ವರ್ಷವರ್ಷಕ್ಕೂ ಏರಿಸುತ್ತ ಹೋಗಿ, ಗ್ರಹಗಳನ್ನೇ ಅತ್ತಿತ್ತ ತಳ್ಳುವವರೆಗೆ ತಂದು ನಿಲ್ಲಿಸಿದರು. ಇಂಥವನ ಎದುರಿಗೆ ಕೈಯಲ್ಲಿ ಚೂರಿ ಹಿಡಿದ ಮನುಷ್ಯನನ್ನು ನಿಲ್ಲಿಸಿದರೆ ಅದು ವೀರರಸವಾಗುವುದಿಲ್ಲ. ಆನೆಯು ಇರುವೆಯನ್ನು ಮೆಟ್ಟಿದಂತೆ ಬರಿಯ ಒಂದು ಸಂಭವವಾಗುತ್ತದೆ.

ಈ ವಿಷಯದಲ್ಲಿ ನಮ್ಮ ನೆಲದ ಶಾಸ್ತ್ರವೇ ಒಂದು ಮಾತನ್ನು ಹೇಳಿದೆ. ಸೇಡಂ ತಾಲೂಕಿನ ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೆಂಬುದೂ, ಅಲ್ಲಿಯ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗವು ಹುಟ್ಟಿತೆಂಬುದೂ ಸರ್ವವಿದಿತ. ಆ ಗ್ರಂಥವು ಬಹುವಾಗಿ ಅನುಸರಿಸಿದ್ದು ದಂಡಿಯ ಕಾವ್ಯಾದರ್ಶವನ್ನು. ಶತ್ರುವಿನ ವಂಶ, ಪರಾಕ್ರಮ, ವಿದ್ಯೆಗಳನ್ನು ಮೊದಲು ಚೆನ್ನಾಗಿ ವರ್ಣಿಸಿ, ಅಂಥವನನ್ನು ಜಯಿಸಿದ ನಾಯಕನ ಉತ್ಕರ್ಷವನ್ನು ಅದರಿಂದಲೇ ತೋರಿಸುವ ಕ್ರಮವು ತನಗೆ ಪ್ರಿಯವೆಂದು ದಂಡಿಯು ಹೇಳಿದ್ದಾನೆ. ಎದುರಾಳಿಯನ್ನು ಕುಗ್ಗಿಸಿದವನು ತನ್ನ ನಾಯಕನನ್ನೇ ಕುಗ್ಗಿಸಿದಂತೆ ಎಂಬುದು ಇದರಿಂದ ಹೊರಡುವ ಅರ್ಥ. ಸೂಪರ್‌ಮ್ಯಾನನ ಅಭಿಮಾನಿಯು ಟಾರ್ಜನನನ್ನು ಮೂಲೆಯಲ್ಲಿ ಮುದುರಿಸಿ ಬರೆದಾಗಲೂ, ಟಾರ್ಜನನ ಅಭಿಮಾನಿಯು ಸೂಪರ್‌ಮ್ಯಾನನಿಗೆ ಒಂದು ಹಸಿರುಕಲ್ಲನ್ನು ತೋರಿಸಿ ನಿಸ್ಸತ್ವನನ್ನಾಗಿ ಮಾಡಿ ಕೆಡವಿದಾಗಲೂ ಈ ದೋಷವೇ ಆಗುವುದು. ಎರಡನೆಯದು ಜಾಣತನವೆಂದು ತೋರಬಹುದು. ನಮಗಂತೂ ಅದು ಪಂದ್ಯದ ಮುಂಚೆ ಎದುರಾಳಿಗೆ ಮದ್ದು ಹಾಕಿದಂತೆ ಕಾಣುತ್ತದೆ.

ಹಾಗಾದರೆ ಅಸಮಬಲರಾದ ವನವೀರ ಮತ್ತು ದಿವ್ಯಾಸ್ತ್ರವೀರರ ಯುದ್ಧವನ್ನು ರಸವತ್ತಾಗಿ ಮಾಡಿದ ನಿದರ್ಶನವೇ ಇಲ್ಲವೇ? ಇದೆ. ಕಿರಾತಾರ್ಜುನರ ಪ್ರಸಂಗವು ಸಾವಿರಾರು ವರ್ಷಗಳಿಂದ ನಮ್ಮ ಮುಂದೆಯೇ ಇದೆ. ಇಂದ್ರಕೀಲದಲ್ಲಿ ತಪಸ್ಸು ಮಾಡುವ ಅರ್ಜುನನು ನಗರದವನು, ರಾಜಪುತ್ರನು, ಗಾಂಡೀವಧರನು, ದೇವತೆಗಳ ಮಗನು. ಅಂದಿನ ಲೆಕ್ಕದಲ್ಲಿ ಆತನೇ ಅತಿಮಾನುಷ ವೀರನು. ಎದುರಿಗೆ ಬರುವವನು ಬೇಡನು. ಮೂಕನೆಂಬ ದಾನವನು ಹಂದಿಯ ರೂಪದಿಂದ ಮೇಲೆ ಬೀಳುತ್ತಾನೆ. ಎರಡು ಬಾಣಗಳು ಒಮ್ಮೆಗೇ ಆ ಹಂದಿಯನ್ನು ನಾಟುತ್ತವೆ. ಬೇಟೆ ಯಾರದು ಎಂದು ಜಗಳ ಹುಟ್ಟುತ್ತದೆ. ಎಂಥ ಸಣ್ಣ ಕಾರಣ ನೋಡಿ! ಲೋಕರಕ್ಷಣೆಯಲ್ಲ, ಧರ್ಮಾಧರ್ಮವಲ್ಲ, ಒಂದು ಹಂದಿ. ಅಭಿಮಾನಚಿತ್ರಕಾರರು ಮೊದಲು ಕಲಿಯಬೇಕಾದುದು ಇದನ್ನೇ. ಅವರ ಚಿತ್ರಗಳಲ್ಲಿ ಇಬ್ಬರು ವೀರರೂ ಕಾರಣವಿಲ್ಲದೆ ಹಲ್ಲು ಕಡಿಯುತ್ತಿರುವರು; ಆ ಕೋಪವು ಎಲ್ಲಿಂದ ಬಂದಿತೆಂದು ಕೇಳಿದರೆ ಉತ್ತರವಿಲ್ಲ. ಇಲ್ಲಿ ಹಂದಿಯು ಬಿದ್ದಿದೆ, ಎರಡು ಬಾಣಗಳಿವೆ, ನೋಡುವವನಿಗೂ ತೀರ್ಪು ಕೊಡುವ ಆಸೆಯಾಗುತ್ತದೆ.

ಆಮೇಲಿನ ಕ್ರಮವು ಇನ್ನೂ ಸೊಗಸು. ಅರ್ಜುನನ ಅಕ್ಷಯವೆನಿಸಿದ ಬತ್ತಳಿಕೆಯು ಬರಿದಾಗುವುದು, ಬಿಲ್ಲು ಹೋಗುವುದು, ಕತ್ತಿ ಹೋಗುವುದು, ಕಲ್ಲು ಮರಗಳು ಆಯುಧಗಳಾಗುವುವು, ಕೊನೆಗೆ ಉಳಿಯುವುದು ಎರಡು ಮೈಗಳ ಮಲ್ಲಯುದ್ಧ. ಎಂದರೆ, ದಿವ್ಯಾಸ್ತ್ರಗಳ ವೀರನು ಹೆಜ್ಜೆಹೆಜ್ಜೆಗೂ ಒಂದೊಂದನ್ನು ಕಳೆದುಕೊಳ್ಳುತ್ತ ಕಾಡಿನವನ ಮಟ್ಟಕ್ಕೆ ಬಂದು ನಿಲ್ಲುತ್ತಾನೆ. ಅಸಮಾನರನ್ನು ಸಮಾನರನ್ನಾಗಿ ಮಾಡುವ ಉಪಾಯವಿದು, ಮದ್ದಿಲ್ಲ, ಹಸಿರುಕಲ್ಲಿಲ್ಲ. ಸೋತ ಪಾರ್ಥನು ಮಣ್ಣಿನ ಲಿಂಗವನ್ನು ಮಾಡಿ ಹೂಮಾಲೆಯನ್ನು ಏರಿಸಲು, ಆ ಮಾಲೆಯು ಬೇಡನ ತಲೆಯ ಮೇಲೆ ಕಾಣಿಸುವುದು ವ್ಯಾಸಭಾರತದ ಮಾತು. ಯುದ್ಧವು ಇಲ್ಲಿ ಗುರುತು ಹಿಡಿಯುವ ಒಂದು ದಾರಿಯಾಯಿತು. ಸೋಲು ಯಾರದು, ಗೆಲವು ಯಾರದು? ಸೋತವನು ಪಾಶುಪತವನ್ನು ಪಡೆದು ಹೋದನು, ಗೆದ್ದವನು ಮೆಚ್ಚಿ ಕೊಟ್ಟನು.

ಈ ಪ್ರಸಂಗದ ಮೇಲೆ ಕನ್ನಡಿಗರಿಗೆ ಇದ್ದ ಒಲವು ಬೆರಗುಗೊಳಿಸುವಂಥದು. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ತನ್ನನ್ನು ಕಾಳಿದಾಸನಿಗೂ, ಕಿರಾತಾರ್ಜುನೀಯವನ್ನು ಬರೆದ ಭಾರವಿಗೂ ಹೋಲಿಸಿಕೊಂಡನು. ಪಟ್ಟದಕಲ್ಲಿನ ಪಾಪನಾಥ ಗುಡಿಯ ಗೋಡೆಗಳಲ್ಲಿ ರಾಮಾಯಣದ ಜೊತೆಗೆ ಈ ಕಥೆಯೂ ಶಿಲ್ಪವಾಗಿದೆ. ಮಾನ್ಯಖೇಟದ ಸಾಮಂತರಾದ ಲೆಂಬುಳವಾಡದ ಚಾಲುಕ್ಯರಲ್ಲಿ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು 941ರಲ್ಲಿ ಮುಗಿಸಿದ ವಿಕ್ರಮಾರ್ಜುನವಿಜಯದಲ್ಲಿಯೂ, ಕುಮಾರವ್ಯಾಸನ ಅರಣ್ಯಪರ್ವದಲ್ಲಿಯೂ ಇದಿದೆ. ಷಡಕ್ಷರದೇವನಂತೂ ಇದಕ್ಕಾಗಿಯೇ ಶಬರಶಂಕರವಿಲಾಸವೆಂಬ ಒಂದು ಚಂಪುವನ್ನು ರಚಿಸಿದನು. ಯಕ್ಷಗಾನದ ರಂಗದಲ್ಲಿ ಕಿರಾತನ ವೇಷಕ್ಕೆ ಪ್ರತ್ಯೇಕವಾದ ಸ್ಥಾನವೇ ಇದೆ. ಪಂಪನು ಮಾಡಿದ ಕೆಲಸವು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ತನ್ನ ಕಾಲದ ಅರಿಕೇಸರಿಯನ್ನೂ ಪುರಾಣದ ಅರ್ಜುನನನ್ನೂ ಒಂದೇ ಶರೀರದಲ್ಲಿ ಸೇರಿಸಿ ಹಾಡಿದನಲ್ಲವೇ? ಹಳೆಯ ವೀರನನ್ನೂ ಹೊಸ ವೀರನನ್ನೂ ಒಂದೇ ಪಟದಲ್ಲಿ ಕೂಡಿಸುವುದು ಬಾಲಿಶವೆನ್ನುವವರು ಆದಿಕವಿಯನ್ನು ಏನೆನ್ನುವರೋ ತಿಳಿಯದು. ಭಾರವಿಯ ಬಗ್ಗೆ ಮಾತ್ರ ಒಂದು ಮಾತು: ಯುದ್ಧದ ಸರ್ಗದಲ್ಲಿ ಒಂದೇ ವ್ಯಂಜನದಿಂದ ಶ್ಲೋಕವನ್ನು ಕಟ್ಟುವ ಸರ್ಕಸ್ಸಿಗೆ ಅವನು ಇಳಿದಾಗ ಬಾಣಗಳ ಸದ್ದು ನಿಂತು ಕವಿಯ ಸದ್ದು ಕೇಳತೊಡಗುತ್ತದೆ. ಮಾಂಸಖಂಡಗಳನ್ನು ಎಣಿಸಿ ಬರೆಯುವ ನಮ್ಮ ತರುಣರ ದೋಷವೂ ಇದೇ ಜಾತಿಯದು.

ಸಮಬಲರ ಹೋರಾಟದ ಇನ್ನೊಂದು ಚಿತ್ರವು, ಇದು ದೇವರುಗಳದಲ್ಲ, ಅದೇ ಮಾನ್ಯಖೇಟದ ಕಾಲಕ್ಕೆ ಸೇರಿದುದು. ಮೂರನೆಯ ಕೃಷ್ಣನು ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ವಿಷಯವನ್ನು ಹೇಳುವ ಆತಕೂರಿನ ಶಾಸನ ಕ್ರಿ.ಶ. 949-50ರದು. ಆ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನು, ಮೆಚ್ಚಿದ್ದನ್ನು ಬೇಡೆಂದಾಗ, ಊರನ್ನು ಬೇಡದೆ ಹೊನ್ನನ್ನು ಬೇಡದೆ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲು, ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತುವು. ಅದಕ್ಕಾಗಿ ಕಲ್ಲನ್ನು ನೆಡಿಸಿ ಭೂಮಿಯನ್ನು ಬಿಟ್ಟರು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ಎರಡು ಪ್ರಾಣಿಗಳೂ ಒಂದನ್ನೊಂದು ಹಿಡಿದು ನಿಂತಿವೆ. ನಾಯಿಯ ಮೇಲಿನ ಪ್ರೀತಿಯಿಂದ ಕಡೆಯಿಸಿದ ಶಿಲ್ಪವಾದರೂ ಹಂದಿಯನ್ನು ಅಲ್ಪವೆಂದು ತೋರಿಸಲಿಲ್ಲ. ತೋರಿಸಿದ್ದರೆ ಕಾಳಿಯ ಮರಣಕ್ಕೆ ಬೆಲೆಯೆಲ್ಲಿ?

ಇಷ್ಟನ್ನು ಹೇಳಿದ ಮೇಲೆ, ಈ ಕಾಡಿನ ವೀರರ ಮೇಲಣ ಒಂದು ದೊಡ್ಡ ಆಕ್ಷೇಪವನ್ನು ಮುಚ್ಚಿಡಲಾಗದು. ಟಾರ್ಜನನೂ ಫ್ಯಾಂಟಮನೂ ಕಾಡಿನವರಲ್ಲ. ಬಿಳಿಯ ಜನರು, ಕಾಡಿನ ಕಪ್ಪು ಜನರ ಮೇಲೆ ಒಡೆಯರಾಗಿ ಕುಳಿತವರು. ಕಪಾಲಗುಹೆಯಲ್ಲಿ ಸಿಂಹಾಸನವಿರುವುದು ಫ್ಯಾಂಟಮನಿಗೆ. ಅದನ್ನು ಕಾಯುವುದು ಬಾಂದರ್ ಜನರ ಪಾಲಿಗೆ. ಆ ಜನರ ಹೆಸರೂ, ಅವನು ಬದ್ಧದ್ವೇಷ ಸಾಧಿಸುವ ಸಿಂಗ್ ಕಡಲ್ಗಳ್ಳರ ಹೆಸರೂ ಎಲ್ಲಿಂದ ಬಂದುವೆಂದು ಭಾರತೀಯರಿಗೆ ಹೇಳಬೇಕಾಗಿಲ್ಲ. ಮೊದಲಲ್ಲಿ ಆ ಕಾಡಿಗೆ ಬಂಗಾಳವನ್ನು ಹೋಲುವ ಹೆಸರಿತ್ತು. ಇಂದ್ರಜಾಲದ ಪ್ರಕಾಶಕರು ಅದನ್ನು ಡೆಂಕಾಲಿ ಎಂದೂ, ಸಿಂಗ್ ಎಂಬುದನ್ನು ಸಿಂಗಾ ಎಂದೂ ತಿದ್ದಿ ಅಚ್ಚು ಹಾಕಿದರು. ಹೆಸರನ್ನು ತಿದ್ದಿದರು, ಸಿಂಹಾಸನವನ್ನು ತಿದ್ದಲಿಲ್ಲ. ಬರೋಸನಿಗೆ ಆಫ್ರಿಕದ ಪರಿಚಯವೆಷ್ಟಿತ್ತೆಂದರೆ, ಪತ್ರಿಕೆಯಲ್ಲಿ ಬಂದ ಮೊದಲ ಪಾಠದಲ್ಲಿ ಅಲ್ಲಿಗೆ ಹುಲಿಯನ್ನೇ ತಂದಿದ್ದನು. ಪುಸ್ತಕವಾಗುವಾಗ ಅದು ಹೆಣ್ಣುಸಿಂಹವಾಯಿತು.

ನಮ್ಮ ಚಿತ್ರಕಾರರು ಈ ಎರವಲು ಕಾಡನ್ನೇ ಎರವಲಾಗಿ ಬರೆಯುತ್ತಾರೆ. ಜೋಲಾಡುವ ಬಳ್ಳಿಗಳು, ಎಂದಿಗೂ ಒಣಗದ ಹಸಿರು. ಚಿಂಚೋಳಿಯ ಕಾಡು ಹಾಗಿದೆಯೇ? 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, ಸುಮಾರು 135 ಚದರ ಕಿಲೋಮೀಟರು ವಿಸ್ತಾರವಾದ ಆ ಕಾಡು ಬೇಸಗೆಯಲ್ಲಿ ಎಲೆ ಉದುರಿಸಿ ಬರಲಾಗಿ ನಿಲ್ಲುವ ಒಣನೆಲದ ಕಾಡು. ಅಲ್ಲಿರುವುದು ತೋಳ, ಕತ್ತೆಕಿರುಬ. ಫ್ಯಾಂಟಮನ ಸಂಗಾತಿಯೂ ಒಂದು ತೋಳವೆಂಬುದನ್ನು ನೆನೆದರೆ, ಆತನನ್ನು ಚಂದ್ರಂಪಳ್ಳಿಯ ಕೆರೆಯ ಅಂಚಿಗೆ ತಂದು ನಿಲ್ಲಿಸುವುದು ಕಷ್ಟವೇನೂ ಅಲ್ಲ. ಆದರೆ ಆ ಕಾಡಿನ ಅಂಚಿನಲ್ಲಿ ಲಂಬಾಣಿ ತಾಂಡಾಗಳೂ ಇವೆ. ತಾಂಡಾದ ಹುಡುಗನೊಬ್ಬನು ಸೀಸದ ಕಡ್ಡಿ ಹಿಡಿದು ಈ ಚಿತ್ರವನ್ನು ಬರೆಯತೊಡಗಿದರೆ ತನ್ನನ್ನು ಎಲ್ಲಿ ಬರೆದುಕೊಳ್ಳಬೇಕು? ಗಗನದಲ್ಲಿ ಅವನಿಗೆ ಎಡೆಯಿಲ್ಲ; ಕಾಡಿನಲ್ಲಿ ಒಡೆಯನು ಬೇರೊಬ್ಬನು; ಉಳಿದುದು ಪೊದೆಯ ಹಿಂದೆ ಭಾಲೆ ಹಿಡಿದು ಬೆರಗಾಗಿ ನೋಡುವ ಗುಂಪು. ‘ಗೆಲ್ಲುವವರಾರು’ ಎಂಬ ಪ್ರಶ್ನೆಗಿಂತ ಇದು ಗಂಭೀರವಾದುದು.

ಕಿರಾತನ ಕಥೆಯು ಇದಕ್ಕೆ ಪೂರ್ಣವಾದ ಉತ್ತರವಲ್ಲ. ಅಲ್ಲಿ ಬೇಡನು ಅರ್ಜುನನನ್ನು ಸೋಲಿಸಿದನೆಂದು ನಾವು ಹಿಗ್ಗುವಷ್ಟರಲ್ಲಿ, ಆತನು ಬೇಡನೇ ಅಲ್ಲ, ವೇಷ ಹಾಕಿದ ಶಿವನು ಎಂದು ತಿಳಿಯುವುದು. ನಿಜವಾದ ಬೇಡನು ಗೆಲ್ಲುವುದನ್ನು ಕಾಣಲು ಕಣ್ಣಪ್ಪನ ಕಥೆಗೆ ಹೋಗಬೇಕು. 1954ರ ಬೇಡರ ಕಣ್ಣಪ್ಪ ಚಲಚ್ಚಿತ್ರದಲ್ಲಿ ರಾಜಕುಮಾರರು ನಾಯಕಪಾತ್ರಕ್ಕೆ ಮೊದಲು ಬಂದುದು ಬೇಡನಾಗಿಯೇ ಎಂಬುದನ್ನು ಕನ್ನಡಿಗರು ಮರೆತಿಲ್ಲ. ಅಲ್ಲಿ ಕಾಡಿನವನು ಯಾರ ವೇಷವೂ ಅಲ್ಲ. ತನ್ನ ಕಣ್ಣನ್ನು ತಾನೇ ಕೊಡಬಲ್ಲವನು. ಇಂಥ ವನವೀರನು ನಮ್ಮಲ್ಲಿರುವಾಗ, ಅವನ ಎದುರಿಗೆ ಸೂಪರ್‌ಮ್ಯಾನನನ್ನು ನಿಲ್ಲಿಸಿ ಬರೆದವರು ವಿರಳರೆಂಬುದು ಆಶ್ಚರ್ಯ.

ಅಮೇರಿಕೆಯ ಪ್ರಕಾಶಕರೇ ಈ ಬಗೆಯ ಸಮಾಗಮವನ್ನು ಅಧಿಕೃತವಾಗಿ ಅಚ್ಚು ಹಾಕಿದ್ದೂ ಉಂಟು. 1999ರಲ್ಲಿ ಬ್ಯಾಟ್‌ಮ್ಯಾನನನ್ನೂ ಟಾರ್ಜನನನ್ನೂ ಸೇರಿಸಿದರು. ಅದರ ವಿಚಾರ ಹೆಚ್ಚು ಹೇಳಬೇಕಾದುದಿಲ್ಲ. 2001ರಲ್ಲಿ ಚಕ್ ಡಿಕ್ಸನ್ ಬರೆದು ಕಾರ್ಲೋಸ್ ಮೆಗ್ಲಿಯ ಚಿತ್ರಿಸಿದ ಸೂಪರ್‌ಮ್ಯಾನ್-ಟಾರ್ಜನ್ ಕಥೆಯು ಮಾತ್ರ ಗಮನಾರ್ಹವಾದುದು. ಅದರಲ್ಲಿ ನಕ್ಷತ್ರಲೋಕದ ಶಿಶುವನ್ನು ಹೊತ್ತ ನೌಕೆಯು ಆಫ್ರಿಕದ ಕಾಡಿಗೆ ಬಿದ್ದು, ಶಿಶುವು ವಾನರರ ನಡುವೆ ಬೆಳೆಯುವುದು. ಟಾರ್ಜನನಾಗಬೇಕಾಗಿದ್ದವನು ಇಂಗ್ಲೆಂಡಿನ ಪ್ರಭುಗೃಹದಲ್ಲಿ ಬೆಳೆದು, ಏನನ್ನೋ ಕಳೆದುಕೊಂಡವನಂತೆ ಅಲೆಯುವನು. ‘ಇವರಲ್ಲಿ ಬಲಿಷ್ಠನಾರು’ ಎಂಬುದರ ಬದಲು ‘ಒಬ್ಬನ ತೊಟ್ಟಿಲಲ್ಲಿ ಇನ್ನೊಬ್ಬನನ್ನು ಮಲಗಿಸಿದರೆ ಏನಾದೀತು’ ಎಂದು ಕೇಳಿದ್ದು ಆ ಕಥೆಯ ಹೆಚ್ಚಳ. ಕಾಡಿನ ನಿಜವಾದ ಜನರಿಗೆ ಅಲ್ಲಿಯೂ ತೊಟ್ಟಿಲು ಸಿಗಲಿಲ್ಲ ಎಂಬುದು ಬೇರೆ ಮಾತು.

ಈಗೀಗ ಗಣಕಯಂತ್ರಕ್ಕೆ ಒಂದು ವಾಕ್ಯವನ್ನು ಕೊಟ್ಟರೆ ಇಂಥ ಚಿತ್ರವು ಕ್ಷಣಮಾತ್ರದಲ್ಲಿ ಸಿದ್ಧವಾಗುತ್ತದೆ. ನುಣುಪಿಗೆ ಕೊರತೆಯಿಲ್ಲ. ಆದರೆ ಅಭಿಮಾನಚಿತ್ರದಲ್ಲಿ ನಾವು ಹುಡುಕುವುದು ನುಣುಪನ್ನಲ್ಲ, ಬರೆದವನ ಒಲವು ಎಲ್ಲಿ ತಂಗಿತೆಂಬುದನ್ನು. ಶಹಾಬಾದಿನ ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ ಬರೆಯುವ ಹುಡುಗಿಯು ತೋಳದ ಬಾಲಕ್ಕೆ ಅರ್ಧ ಗಂಟೆಯನ್ನು ಕೊಟ್ಟು, ಸೂಪರ್‌ಮ್ಯಾನನ ಎಡಗೈಯನ್ನು ಮರೆತೇ ಎದ್ದು ಹೋದರೆ, ಆಕೆಯ ಪಕ್ಷವಾವುದೆಂದು ನೆಲವೇ ಹೇಳುತ್ತದೆ. ಯಂತ್ರಕ್ಕೆ ಎಲ್ಲವೂ ಒಂದೇ.

ಕೊನೆಯದಾಗಿ ಒಂದು ಸೂಚನೆ. ಫ್ಯಾಂಟಮನಿಗೆ ದಿವ್ಯಶಕ್ತಿ ಯಾವುದೂ ಇಲ್ಲ. 1536ರಲ್ಲಿ ಮೊದಲನೆಯವನು ತಂದೆಯನ್ನು ಕೊಂದವನ ಕಪಾಲದ ಮೇಲೆ ಆಣೆಯಿಟ್ಟಂದಿನಿಂದ ಮಗನು ತಂದೆಯ ಉಡುಪನ್ನು ತೊಡುತ್ತ ಬಂದಿರುವುದರಿಂದ ಜನರು ಅವನನ್ನು ಸಾವಿಲ್ಲದವನೆಂದು ತಿಳಿದಿದ್ದಾರೆ, ಈಗಿನವನು ಇಪ್ಪತ್ತೊಂದನೆಯವನು. ಸೂಪರ್‌ಮ್ಯಾನನು ಸಾಯದಿರುವುದು ಮೈಯ ಬಲದಿಂದ, ಫ್ಯಾಂಟಮನು ಸಾಯದಿರುವುದು ಸತ್ತು ಸತ್ತು. ಹೀಗಿರುವಲ್ಲಿ ಸೂಪರ್‌ಮ್ಯಾನನ ಒಂದೇ ಏಟಿಗೆ ಫ್ಯಾಂಟಮನು ಉರುಳಿಬಿದ್ದಿರುವಂತೆಯೂ, ಹಿಂದಿನ ಮರದ ಬುಡದಲ್ಲಿ ಅದೇ ಉಡುಪಿನ ಇನ್ನೊಬ್ಬನು ಆಗಲೇ ನಿಂತಿರುವಂತೆಯೂ, ಗೆದ್ದವನ ಮುಖದಲ್ಲಿ ಮೊಟ್ಟಮೊದಲ ಭಯವು ಮೂಡಿರುವಂತೆಯೂ ಒಂದು ಚಿತ್ರವನ್ನೇಕೆ ಬರೆಯಬಾರದು? ಆ ಮರದ ಬುಡದವನ ಮುಖವಾಡದ ಕೆಳಗಿನ ಬಣ್ಣವು ಬಿಳಿಯದಾಗಿರಬೇಕೆಂಬ ನಿಯಮವನ್ನು ಯಾರೂ ಮಾಡಿಲ್ಲ. ನಮ್ಮ ವಾಚಕರಲ್ಲಿ ಯಾರ ಮನೆಯಲ್ಲಾದರೂ ಇಂಥ ಚಿತ್ರವೊಂದು ಈಗಾಗಲೇ ಇದ್ದ ಪಕ್ಷಕ್ಕೆ, ಅದನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ನಮ್ಮ ಕಣ್ಣಿಗೆ ಬೀಳಿಸಬೇಕೆಂದು ಅರಿಕೆ.